ಕೆಂಪಿರುವ ತನಕ

ದೀಪಾವಳಿ ಕಳೆದ ಕೂಡಲೇ
ಹಾಸನದ ಬಿ.ಎಂ. ರಸ್ತೆಯ ಫುಟ್‌ಪಾತಿನಲ್ಲಿ
ಸ್ವೆಟರ್ ಅಂಗಡಿ ಹರಡುವ ದೆಕ್ಯಿ
ಒಂದು ಸಂಜೆ ಪೆನ್ಷನ್ ಮೊಹಲ್ಲಾದ ನಮ್ಮ ಕುಲುಮೆ
ಹುಡುಕಿಕೊಂಡು ಬಂದಳು.
ಮಂಕಿ ಟೋಪಿಯೊಳಗೆ ಸುತ್ತಿ ತಂದದ್ದು
ಒಂದು ಕಂಚಿನ ಬಟ್ಟಲು.
ಅಂಚಿನಿಂದಿಳಿದ ಬಿರುಕು, ಕೂದಲೆಳೆಯಷ್ಟು.
"ಹಾಡ್ತಿತ್ತು ಇದು. ಈಗ ಕೆಮ್ಮುತ್ತೆ," ಅಂದಳು
ಬೈಲುಕುಪ್ಪೆಯಲ್ಲಿ ಕಲಿತ ಕನ್ನಡದಲ್ಲಿ.

ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ.
ನಲವತ್ತು ವರ್ಷ ಜಾಗಟೆ ಬಡಿದವನಿಗೆ
ಕಂಚು ಕೊಟ್ಟ ಪಿಂಚಣಿ.
ಬಟ್ಟಲನ್ನು ಉಗುರಿನಿಂದ ತಟ್ಟಿ
ಅಂಚನ್ನು ಮುಂದಿನ ಹಲ್ಲಿಗೆ ಒತ್ತಿಕೊಂಡ,
ಕಣ್ಣು ಮುಚ್ಚಿ ಕೇಳಿದ.
"ಬೆಸುಗೆ ನಿಲ್ಲಲ್ಲ ತಾಯಿ. ಕರಗಿಸಬೇಕು."
"ಕರಗಿಸಿದ ಮೇಲೂ ಅದೇ ಆಗಿರುತ್ತಾ?"
ಅಪ್ಪನಿಗೆ ಕೇಳಿಸಲಿಲ್ಲ.
ಕೇಳಿಸಿತೋ ಏನೋ, ಇದ್ದಲು ಸುರಿಯತೊಡಗಿದ.

ಏಳು ಪಾಲು ತಾಮ್ರಕ್ಕೆ ಎರಡು ಪಾಲು ತವರ,
ಮಗ್ಗಿಗಿಂತ ಮೊದಲು ನಮಗೆ ಬಾಯಿಪಾಠ.
ಬೆಂಕಿಗೆ ಹೋದಾಗೊಮ್ಮೆ ತವರ ಒಂಚೂರು ಸುಟ್ಟುಹೋಗುತ್ತೆ;
ಸುಂಕ ತೆತ್ತಂತೆ ಹೊಸ ತುಣುಕೊಂದನ್ನು
ಮೂಸೆಗೆ ಹಾಕಿದ.
ಅವಳ ಬಟ್ಟಲು ಮೊದಲು ಬೆವರಿತು,
ಆಮೇಲೆ ಮಂಡಿಯೂರಿತು,
ಆಮೇಲೆ ಬಿರುಕಿರಲಿಲ್ಲ. ಬಟ್ಟಲೂ ಇರಲಿಲ್ಲ.
ದೆಕ್ಯಿ ಅತ್ತ ತಿರುಗಿ
ಸಹಕಾರ ಬ್ಯಾಂಕಿನ ಕ್ಯಾಲೆಂಡರ್ ಓದುತ್ತ ನಿಂತಳು,
ಅಮಾವಾಸ್ಯೆ, ಸಂಕಷ್ಟಿ, ಎರಡನೇ ಶನಿವಾರ.

ಎರಕ ಆರಿದಾಗ ಅಕ್ಕಿರೊಟ್ಟಿಯಗಲ ಬಿಲ್ಲೆ.
ಅದನ್ನು ಬಟ್ಟಲಾಗಿಸಲು ಮೂರು ಸುತ್ತಿಗೆ ಬೇಕು.
ಒಂದು ಅಪ್ಪನದು, ಒಂದು ನನ್ನದು.
ಮೂರನೆಯದು ಚಿಕ್ಕಪ್ಪನದು; ಅವನಿಗೆ ಆ ವಾರ
ಕಣ್ಣಿನ ಪೊರೆ ಆಪರೇಷನ್.
ಹಸಿರು ಪಟ್ಟಿ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತು
ಕಾಣದ್ದಕ್ಕೆಲ್ಲ ಬೈಯುತ್ತಿದ್ದ.
"ಕೊಡಿ ಇಲ್ಲಿ," ದೆಕ್ಯಿ ತೋಳು ಮಡಚಿದಳು.

"ಕೆಂಪಿರುವ ತನಕ ಹೊಡಿ, ಕಪ್ಪಾದರೆ ಕೈ ತಡಿ.
ತಣ್ಣಗಾದ ಕಂಚು ಏಟು ಸೈರಿಸಲ್ಲ."
ಅಪ್ಪ, ನಾನು, ಅವಳು.
ಅಪ್ಪ, ನಾನು, ಅವಳು.
ಹನ್ನೆರಡು ಏಟಿಗೆ ಕೆಂಪು ಇಳಿಯುತ್ತದೆ,
ಮತ್ತೆ ಬೆಂಕಿಗೆ, ಮತ್ತೆ ಹನ್ನೆರಡು.
ಎಷ್ಟು ಸಲವೋ ನಾನು ಲೆಕ್ಕವಿಡಲಿಲ್ಲ.
ಅವಳ ತುಟಿ ಮಾತ್ರ ಏನನ್ನೋ ಎಣಿಸುತ್ತಿತ್ತು,
ಮಂತ್ರವೋ, ಏಟೋ,
ಮಾರದೆ ಉಳಿದ ಸ್ವೆಟರುಗಳೋ.

ಕೊನೆಗೆ ನೀರು.
ಉಕ್ಕು ನೀರಿಗಿಳಿದರೆ ಸೆಟೆಯುತ್ತದೆ,
ಕಂಚು ನೀರಿಗಿಳಿದರೆ ಮೆತ್ತಗಾಗುತ್ತದೆ.
"ಗಂಡಸು, ಹೆಂಗಸು..." ಚಿಕ್ಕಪ್ಪ ಶುರುಮಾಡಿದ.
ಯಾರೂ ನಗಲಿಲ್ಲ.

ಮೊದಲ ತಟ್ಟಿಗೆ ಅದು ಜಾಗಟೆಯ ಹಾಗೇ ಅರಚಿತು.
ದಾಸಯ್ಯ ಬಂದನೆಂದು ಪಕ್ಕದ ಮನೆಯ ರುಕ್ಕಮ್ಮ
ಬೊಗಸೆ ಅಕ್ಕಿ ಹಿಡಿದು ಬಾಗಿಲಿಗೆ ಬಂದಳು.
ಅಪ್ಪ ತಲೆ ತಗ್ಗಿಸಿದ:
"ಕೂಗೋದು ನಮ್ಮ ಕಸುಬು ತಾಯಿ.
ಗುನುಗೋದು ಕೈಗೆ ಗೊತ್ತಿಲ್ಲ."
ಎರಡು ದಿನ ಒಳಮೈ ಹೆರೆದ.
ತಳ ಹಾಗೇ ಬಿಟ್ಟು ಪಕ್ಕೆಯನ್ನು ತೆಳ್ಳಗೆ ಮಾಡಿ,
ಹೆರೆದಷ್ಟೂ ಹಲ್ಲಿಗೆ ಹಿಡಿದು,
ತಲೆಯಾಡಿಸಿ, ಮತ್ತೆ ಹೆರೆದ.

ಮೂರನೆಯ ಸಂಜೆ ಅವಳು ಮರದ ಕೋಲನ್ನು
ಅಂಚಿನ ಸುತ್ತ ಒತ್ತಿ ನಡೆಸಿದಳು,
ಮಜ್ಜಿಗೆ ಕಡೆಯುವುದಕ್ಕಿಂತಲೂ ನಿಧಾನ.
ಒಂದು ಸುತ್ತು, ಬರೀ ಕೋಲಿನ ಸದ್ದು.
ನಾಲ್ಕು ಸುತ್ತು.
ನನಗೆ ಕೇಳಿಸುವ ಮೊದಲೇ ಅಪ್ಪ,
ದವಡೆಯನ್ನು ಬಟ್ಟಲ ಬುಡಕ್ಕೆ ಆನಿಸಿದ್ದವನು,
ಅಲುಗಾಡದೆ ಕೂತ.
ಚಿಕ್ಕಪ್ಪ ಬೈಯುವುದನ್ನು ನಿಲ್ಲಿಸಿದ.

ಇದ್ದಲಿನ ದುಡ್ಡು ಬಿಟ್ಟು ಬೇರೇನೂ ಬೇಡವೆಂದ ಅಪ್ಪನಿಗೆ
ಸ್ವೆಟರ್ ಕೊಟ್ಟು ಹೋದಳು, ಕುಲುಮೆಯ ಮುಂದೆ ಕೂರುವವನಿಗೆ!
ಬೆಳಗ್ಗೆ ಬೆಂಕಿ ಹತ್ತುವ ತನಕ ತೊಟ್ಟಿರುತ್ತಾನೆ,
ಎಡತೋಳಿಗೆ ಆಗಲೇ ಮೂರು ಕಿಡಿ ತೂತು.

ಕುಶಾಲನಗರದ ಬಸ್ಸಿಗೆ ಹತ್ತಿಸುವಾಗ ಕೇಳಿದೆ:
"ಅದೇನಾ?"
ದೆಕ್ಯಿ ಬಟ್ಟಲನ್ನು ಮಂಕಿ ಟೋಪಿಯೊಳಗಿಟ್ಟು
ಗಂಟು ಬಿಗಿದಳು.
"ಟೋಪಿ ಅದೇ," ಅಂದಳು.