ಕಂಡಕ್ಟರನ ಸೀಸನ್ ಟಿಕೆಟ್

ದಿನಕ್ಕೆ ನಾನೂರು ಟಿಕೆಟ್ ಹರಿಯುವವನು ನಾನು,
ಮಾಜಾಳಿಗೆ, ಸದಾಶಿವಗಡಕ್ಕೆ, ಚೆಂಡಿಯೆಗೆ,
ಎರಡು ರೂಪಾಯಿ ಚಿಲ್ಲರೆಗೆ ಊರೆಲ್ಲ ಜಗಳ ಕಾಯುವವನು.
ವರ್ಷಕ್ಕೊಂದೇ ಸಲ ನಾನೂ ಟಿಕೆಟ್ ಕೊಳ್ಳುತ್ತೇನೆ:
ಕಾಳಿ ಸ್ಪೋರ್ಟಿಂಗ್, ಹಳದಿ ರಟ್ಟು,
ಸೀಲಿನ ಮಸಿ ಆರುವ ಮೊದಲೇ ಕಿಸೆಗಿಳಿದು
ಖಾಕಿಗೆ ನೀಲಿ ಕಲೆ ಹಿಡಿಸಿದ್ದು.
ಹೋದ ವರ್ಷ ಮುನ್ನೂರು. ಈ ವರ್ಷ ಐನೂರು.
ಕುರ್ಚಿ ಮಾತ್ರ ಅದೇ ಹದಿನೇಳು,
ಎಡಗಡೆಯ ಕೈ ಮುರಿದದ್ದು.

ಯಾಕೆ ಏರಿಸಿದ್ರಿ ಅಂದೆ.
ಇನಾಸ್ ಮಾಸ್ತರರು ಕನ್ನಡಕ ಒರೆಸಿಕೊಂಡರು:
‘ಫಾರ್ವರ್ಡ್ ಬರ್ತಾ ಇದ್ದಾನೆ ಮಾರಾಯಾ, ಮಡಗಾಂವದಿಂದ.’

ಬಂದ.
ಮ್ಯಾಚಿಗೆ ಇಷ್ಟು, ಗೋಲಿಗೆ ಇಷ್ಟು, ಊಟ ಬೇರೆ,
ಊಟಕ್ಕೆ ಇಸವಾಣವೇ ಆಗಬೇಕು.
ಒಳ್ಳೆಯ ಆಟಗಾರ, ಸುಳ್ಳು ಹೇಳಲಾರೆ.
ಅವನು ಎರಡು ಹೊಡೆದ. ನಾವು ಮೂರು ತಿಂದೆವು.
ಮೂರೂ ಎಡಗಡೆಯಿಂದ.

ನನ್ನ ಹಳೆಯ ತಕರಾರೇ ಇದು.
ತಂಡ ಕಟ್ಟುವುದೆಂದರೆ ಡಿಪೋ ನಡೆಸಿದ ಹಾಗೆ.
ಹೊಸ ಬಸ್ಸಿಗೆ ಹಾರ ಹಾಕಿ ಫೋಟೋ ತೆಗೆಸುತ್ತಾರೆ,
ಬ್ರೇಕಿನ ಲೈನರಿಗೆ ಯಾರು ಹಾರ ಹಾಕುತ್ತಾರೆ?
ಅಣಶಿ ಘಟ್ಟ ಇಳಿಯುವಾಗ ಅದೊಂದೇ ನೆನಪಾಗುವುದು.
ನಮ್ಮ ಬೆಂಚಿನಲ್ಲಿ ಸ್ಟೆಪ್ನಿಯೆಂದು ಕೂತವರು ಇಬ್ಬರು:
ಒಬ್ಬ ಮಾಸ್ತರರ ಅಳಿಯ,
ಇನ್ನೊಬ್ಬನಿಗೆ ಮೊಣಕಾಲು.

ಗೋಲಿ ಉಲ್ಲಾಸ ಹರಿಕಂತ್ರ
ಬೈತಖೋಲದ ಧಕ್ಕೆಯಲ್ಲಿ, ಬೋಟಿನಿಂದ ಎಸೆದ ಬುಟ್ಟಿಯನ್ನು
ಒಂದು ಬಂಗಡೆಯೂ ಚೆಲ್ಲದಂತೆ ಹಿಡಿಯುವ ಹುಡುಗ.
ಅವನ ಕೈಗವಸಿನ ಹೆಬ್ಬೆರಳು ಹೊಲಿದದ್ದು ಬಲೆಯ ದಾರದಲ್ಲಿ.
ಏರಿಸಿದ ಇನ್ನೂರು ಇಲ್ಲಿಗೆ ಬರಬೇಡವೇ?

ಎಡ ಬ್ಯಾಕ್ ಕೂಡ ಇದ್ದಾನೆ, ಕೇಳಿ.
ಸುಂಕೇರಿಯ ಮಿಂಗೇಲನ ಮಗ, ಹದಿನಾರು ತುಂಬಿಲ್ಲ,
ಪಾಸ್ ತೋರಿಸು ಅಂದರೆ ಚಲಿಸುವ ಬಸ್ಸಿಂದ ಹಾರಿ
ಮುಂದಿನ ಸ್ಟಾಪಿನಲ್ಲಿ ನಮಗಿಂತ ಮೊದಲೇ ನಿಂತಿರುವವನು.
ಹಿಡಿದು ನಾಲ್ಕು ಬೈದೆ, ಹೆಸರು ಕೇಳಿದೆ,
ಖಾಲಿ ಟಿಕೆಟಿನ ಹಿಂದೆ ಬರೆದು ಮಾಸ್ತರರಿಗೆ ಕೊಟ್ಟೆ.
ಅವರು ಅದರಲ್ಲಿ ಶೇಂಗಾ ಸಿಪ್ಪೆ ಸುತ್ತಿಟ್ಟರು.

ಶೆವಂತಿ ಕೇಳುತ್ತಾಳೆ:
ಹತ್ತು ಮ್ಯಾಚಿನಲ್ಲಿ ನೀನು ನೋಡುವುದು ನಾಲ್ಕು,
ಕಂಪೌಂಡ್ ಗೋಡೆಯ ಮೇಲೆ ಕೂತರೆ ಪುಕ್ಕಟೆ, ಗಾಳಿಯೂ ಬರುತ್ತದೆ.
ಹೌದು ಮಾರಾಯ್ತಿ.
ಗೋಡೆ ಮೇಲಿನವನು ಚಪ್ಪಾಳೆ ತಟ್ಟಲಿ, ಬೇಡ ಅನ್ನುವುದಿಲ್ಲ,
ಬೈಯುವ ಹಕ್ಕು ಅವನಿಗೆಲ್ಲಿಯದು?
ಟಿಕೆಟ್ ಇಲ್ಲದವನ ದೂರು
ನಾನು ಬಸ್ಸಿನಲ್ಲೂ ಕಿವಿಗೆ ಹಾಕಿಕೊಂಡವನಲ್ಲ.

ಕೊನೆಯ ಭಾನುವಾರ ಡ್ಯೂಟಿ ಬಿತ್ತು.
ರಜೆ ಕೇಳಿದೆ, ಸಿಗಲಿಲ್ಲ; ಕಾಯಿಲೆಯೆನ್ನಲು ಬಾಯಿ ಬರಲಿಲ್ಲ.
ಐದೂವರೆಯ ಟ್ರಿಪ್ಪು, ಸಂತೆಯ ಚೀಲಗಳು, ಕಾಲಿಡಲು ತಾವಿಲ್ಲ.
ಮೈದಾನದ ಮೂಲೆಗೆ ಬಂದಾಗ ನನ್ನ ಬಾಯಲ್ಲಿದ್ದ ಸೀಟಿ
ತಾನೇ ಊದಿಕೊಂಡಿತು.
ಬೊಮ್ಮಯ್ಯ ಬ್ರೇಕ್ ಒತ್ತಿದ, ಕನ್ನಡಿಯಲ್ಲಿ ನನ್ನ ಮುಖ ನೋಡಿದ,
ಏನೂ ಕೇಳದೆ ಎಂಜಿನ್ ಬಂದ್ ಮಾಡಿದ.

ಗೋಡೆಯಾಚೆ ಒಂದು-ಒಂದು, ಎಂಟು ನಿಮಿಷ ಬಾಕಿ.
ಬಸ್ಸು ಬಸ್ಸೇ ಎಡಗಡೆಯ ಕಿಟಕಿಗಳಿಗೆ ವಾಲಿತು.
ಶಾಮಿಯಾನದಡಿ ನನ್ನ ಹದಿನೇಳರಲ್ಲಿ ಯಾರೋ ಕೂತಿದ್ದರು.
ಮೊಣಕಾಲು ಕಟ್ಟಿಕೊಂಡು, ಬರಿಗಾಲಲ್ಲಿ, ಮಿಂಗೇಲನ ಮಗ,
ಚೆಂಡು ಎಲ್ಲಿದೆಯೆಂದು ನೋಡುತ್ತಲೇ ಇರಲಿಲ್ಲ ಅವನು;
ನೋಡುತ್ತಿದ್ದದ್ದು ನಮ್ಮ ಎಡಗಡೆಯ ಖಾಲಿ ಹುಲ್ಲು.
ಕುರ್ಚಿಯಿಂದ ಅರ್ಧ ಎದ್ದ.
ಇತ್ತ ನಾನೂ ಫುಟ್‌ಬೋರ್ಡಿನಲ್ಲಿ ಎದ್ದು ನಿಂತಿದ್ದೆ,
ಇಬ್ಬರೂ ಒಟ್ಟಿಗೇ ಕೂಗಿರಬೇಕು.
ಉಲ್ಲಾಸ ಬೆರಳ ತುದಿ ಮುಟ್ಟಿಸಿದ. ಸಾಲಲಿಲ್ಲ.

ಪಾಸಿಲ್ಲದೆ ನನ್ನ ಕುರ್ಚಿಯಲ್ಲಿ ಕೂತಿದ್ದ.
ನಾಳೆ ಬಸ್ಸಿನಲ್ಲಿ ಸಿಗುತ್ತಾನೆ. ಕೇಳುವುದಿಲ್ಲ.

ಬುಟ್ಟಿಯ ಮುದುಕಿ ಕೇಳಿದಳು: ‘ಗೆದ್ದರಾ?’
ಇನ್ನೂ ಇಲ್ಲ ಅಜ್ಜಿ, ಅಂದೆ.
ಎರಡು ಸೀಟಿ ಊದಿದೆ.
ಒಳಗೆ ಹೋಗಿ, ಒಳಗೆ ಹೋಗಿ,
ಎಡಗಡೆ ಜಾಗ ಇದೆ.