ಹೆಬ್ಬೆರಳು

ಉರುಳಿ ಕಾಂಚನದಲ್ಲಿ ಡಿಸೆಂಬರಿನ ಚಳಿ
ಮೊದಲು ಹಿಡಿಯುವುದು ಕಬ್ಬಿಣವನ್ನು,
ಆಮೇಲೆ ನಮ್ಮನ್ನು.

ತುಪೆಯವರ ನರ್ಸರಿ. ತಗಡಿನ ಶೆಡ್ಡು.
ಗೋಣಿಚೀಲ ಹೊದ್ದು ನಿಂತಿದೆ ಗಿಡ್ಡ ಟ್ರ್ಯಾಕ್ಟರು,
ಗುಲಾಬಿ ಸಾಲುಗಳ ನಡುವೆ
ಮುಳ್ಳು ತಾಗಿಸಿಕೊಳ್ಳದೆ ಹೋಗುವಷ್ಟೇ ಅಗಲ.
ಒಂದು ಕಾಲಕ್ಕೆ ಕೆಂಪಗಿತ್ತಂತೆ.
ಹೆಸರಿನ ಫಲಕ ಉದುರಿ ಈಗ ಬರೀ ನಾಲ್ಕು ರಿವೆಟ್ಟು.
ನನಗಿಂತ ಹನ್ನೊಂದು ವರ್ಷಕ್ಕೆ ಹಿರಿದು,
ಆದರೆ ಮೊಣಕಾಲು ಮೊದಲು ಹೋದದ್ದು ನನ್ನದು.

ಗೋಣಿ ತೆಗೆಯುವ ಮುಂಚೆ ಒಮ್ಮೆ ತಟ್ಟಬೇಕು.
ಒಳಗೆ ಬೆಕ್ಕಿರುತ್ತದೆ,
ನಿನ್ನೆ ಸಂಜೆಯ ಬಿಸಿಯಲ್ಲಿ ಉಳಿದ ಚೂರನ್ನು
ಹೊಟ್ಟೆಯಡಿ ಅವುಚಿಕೊಂಡು.
"ಏಳ" ಅಂದರೆ ಏಳದು. "ಊಠ್" ಅಂದರೆ ಏಳುತ್ತದೆ.
ಇಲ್ಲಿಯದೇ ಬೆಕ್ಕು.

ವಿದ್ಯೆ ಕಲಿಸಿದವ ನಬಿಲಾಲ ನದಾಫ,
ಹಡಪಸರದಲ್ಲಿ ಗ್ಯಾರೇಜು, ಮಾತು ಚಡಚಣದ್ದು.
ಆತನ ಬಲಗೈ ಹೆಬ್ಬೆರಳು ಹೊರಕ್ಕೆ ತಿರುಗಿತ್ತು,
ದಾರಿ ಕೇಳಿದವರಿಗೆ ಬೇರೆಯೇ ಊರು ತೋರಿಸುವಂತೆ.
"ಹ್ಯಾಂಡಲ್ ಹಿಡಿಯೂಮುಂದ ಹೆಬ್ಬೆರಳ ಸುತ್ತಬ್ಯಾಡ, ಸೋನವ್ವ.
ನಾಕು ಬೆರಳಿನ ಜೋಡಿ ಇರ್ಲಿ ಅದು.
ಎಂಜಿನ್ ತಿರುಗಿ ಒದ್ದರ ಕೈ ಬಿಟ್ಟ ಬರಬೇಕು.
ಹಿಡಕೊಂಡೀ, ಮುರೀತದ."
ಕಳೆ ಕೀಳುವವಳಿಗೆ ಇದೆಲ್ಲ ಯಾಕೆ ಎಂದು ತುಪೆ ನಕ್ಕರು.
ನಬಿಲಾಲ ನಗಲಿಲ್ಲ.

ಚಳಿಗೆ ಎಣ್ಣೆ ಕಾಕಂಬಿಯಾಗುತ್ತದೆ.
ರಾತ್ರಿ ಇಳಿಸಿಟ್ಟದ್ದನ್ನು ಚಹದ ಒಲೆಯ ಮಗ್ಗುಲಲ್ಲಿಟ್ಟು
ಬೆಚ್ಚಗಾದ ಮೇಲೆ ಮತ್ತೆ ಹೊಟ್ಟೆಗೆ ಸುರಿಯುತ್ತೇನೆ.
ಹಂಡೆಯಿಂದ ಎರಡು ಕೊಡ ಬಿಸಿನೀರು ಅದರ ತೊಟ್ಟಿಗೆ,
ಮಿಕ್ಕದ್ದರಲ್ಲಿ ನನ್ನ ಸ್ನಾನ.
ಡೀಸೆಲ್ ನಳಿಗೆಯ ತಿರುಪು ಸಡಿಲಿಸಿ
ಗುಳ್ಳೆಯೆಲ್ಲ ಹೋಗುವ ತನಕ ಕೂತಿರಬೇಕು, ಅವಸರ ಸಲ್ಲದು.
ಗಾಳಿ ಎಳೆವ ಬಾಯಿಗೆ ಎರಡು ಚಮಚ ಎಣ್ಣೆ,
ಹಸುಗೂಸಿಗೆ ಬಜೆ ನೆಕ್ಕಿಸಿದ ಹಾಗೆ.
ಆಮೇಲೆ ತಲೆಯ ಮೇಲಿನ ಪುಟ್ಟ ಲಿವರು ಎತ್ತಿ
ಚಕ್ರ ತಿರುಗಿಸುವುದು, ತಿರುಗಿಸುವುದು,
ಅದು ತನ್ನ ಭಾರ ತಾನೇ ಹೊತ್ತು ಗುಂಯ್ ಎನ್ನುವವರೆಗೆ.
ಆಗ ಲಿವರು ಬಿಡಬೇಕು.
ಅದಕ್ಕೂ ಮುಂಚೆ ಅಲ್ಲ.

ಇವತ್ತು ಮುಂಚೆಯೇ ಬಿಟ್ಟೆ.
ಗೇಟಿನಲ್ಲಿ ಟೆಂಪೋದವನ ಹಾರನ್ನು,
ರಸ್ತೆಗೆ ಸಾಗಬೇಕಿದ್ದ ಇನ್ನೂರು ಕುಂಡ,
ಮೂರು ಸಲ ಕೆಮ್ಮಿ ಸುಮ್ಮನಾದ ಎಂಜಿನ್ನು,
ನಾಲ್ಕನೆಯ ಸಲ ನನ್ನ ಸಿಟ್ಟು.
ಧಡ್ ಅಂತ ಒದೆಯಿತು.
ಹ್ಯಾಂಡಲ್ಲು ಹಾರಿ ತಗಡಿಗೆ ಬಡಿದು
ಶೇವಂತಿಗೆ ಸಸಿಗಳ ಮೇಲೆ ಬಿತ್ತು, ಏಳು ಸತ್ತವು.
ಕೈ ನೋಡಿಕೊಂಡೆ. ಭುಜದವರೆಗೂ ಜೋಮು.
ಐದೂ ಬೆರಳು ಒಂದೇ ಕಡೆಗೆ ಮುಖ ಮಾಡಿದ್ದವು.

ಟೆಂಪೋದವನಿಗೆ ಚಹ ಕೊಟ್ಟೆ.
ನಾನೂ ಕುಡಿದೆ, ಪೂರಾ, ಬಸಿಯಲ್ಲಿ ಆರಿಸಿಕೊಂಡು.
ಐದನೆಯ ಸಲಕ್ಕೆ ಚಕ್ರ ಗುಂಯ್ ಅಂತು.
ಡುಕ್. ತಡೆದು ಮತ್ತೊಂದು ಡುಕ್.
ಬಿಳಿ ಹೊಗೆ. ಕರಿ ಹೊಗೆ. ಆಮೇಲೆ ಹೊಗೆಯೇ ಇಲ್ಲ.

ನಬಿಲಾಲ ಗ್ಯಾರೇಜು ಮಾರಿ ಜತ್ತದ ಮಗಳ ಮನೆ ಸೇರಿದ್ದಾನೆ.
ಚಳಿಗಾಲದಲ್ಲಿ ದಿನಾ ಈ ಹೊತ್ತಿಗೆ ಅವನ ಫೋನು.
"ಎದ್ದಿತೇನು?"
ನಾನು ಮಾತಾಡುವುದಿಲ್ಲ, ಫೋನನ್ನು ಹೊಗೆಕೊಳವೆಯತ್ತ ಹಿಡಿಯುತ್ತೇನೆ.
ಆತ ಕೇಳುತ್ತಾನೆ,
ವೈದ್ಯರು ಎದೆಯ ಮೇಲೆ ಕೊಳವೆಯಿಟ್ಟಷ್ಟು ಹೊತ್ತು.
"ಟ್ಯಾಪೆಟ್ ಸಡಿಲ್ ಆಗ್ಯಾವ. ಐತವಾರ ಬಿಗಿ ಮಾಡು."
ಸ್ವಲ್ಪ ತಡೆದು,
"ಇವತ್ತ್ಯಾಕ ತಡಾ ಆತು? ಒದೀತೇನು?"
"ಒದೀತು."
"ಹೆಬ್ಬೆರಳ?"
"ನಾಕರ ಜೋಡಿ ಐತಿ."
ಅವನ ಕಡೆ ಯಾರೋ ರೊಟ್ಟಿ ಬಡಿಯುತ್ತಿದ್ದರು,
ಹೆಚ್ಚು ಕಡಿಮೆ ನಮ್ಮ ಎಂಜಿನ್ನಿನದೇ ಲಯ.

ಸತ್ತ ಏಳು ಸಸಿಗೆ ತುಪೆ ಕೂಲಿಯಲ್ಲಿ ಹಿಡಿದರು.
ಹಿಡಿಯಲಿ.