ಎಳ್ಳಿನಷ್ಟು ತೂತು

ಗುಂಡಿ ಒತ್ತಿದರೆ ಒಳಗೊಂದು ಗೊಣಗಾಟ,
ಒಂದು ಕೆಮ್ಮು, ಮತ್ತೆ ಗಪ್‌ಚುಪ್.
ಎಸ್.ಪಿ. ರೋಡಿನ ಮೂರನೇ ಮಹಡಿಯಲ್ಲಿ
ಚಾಂದ್ ಪಾಷ ಕಿವಿಯಿಟ್ಟು ಕೇಳಿದ.
"ಬೆಲ್ಟ್ ಸಡಿಲ ಮೇಡಂ. ಜೋರು ಮಾಡ್ಬೇಡಿ."

ತೂತು ತೋರಿಸಿದ, ಎಳ್ಳುಕಾಳಿನಷ್ಟು,
ಇಷ್ಟು ವರ್ಷ ನನ್ನ ಕಣ್ಣಿಗೇ ಬೀಳದ್ದು.
ಕರೆಂಟ್ ತೆಗೆದು, ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ
ಮೆಲ್ಲಗೆ ತಳ್ಳಿದ,
ಮಗುವಿನ ಬಾಯಿಂದ ಗೋಲಿ ತೆಗೆಸುವ ಹಾಗೆ.

ನಾಲಿಗೆ ಹೊರಬಂತು.
ಮೇಲೊಂದು ಡಿಸ್ಕು. ಮಾರ್ಕರಿನಲ್ಲಿ ಬರೆದದ್ದು:
ಸೋಮವಾರ ವಾಪಸ್.
ತಡವಾದರೆ ದಿನಕ್ಕೆ ಐದು ರೂಪಾಯಿ.

ಶ್ರೀರಾಮಪುರದ ಆ ಬಾಡಿಗೆ ಅಂಗಡಿಯಲ್ಲಿ
ಈಗ ಹೆಲ್ಮೆಟ್ ಮಾರುತ್ತಾರೆ.

ಪಾಷ ಬೆರಳು ಮಡಿಸಿ ಲೆಕ್ಕಕ್ಕೆ ಕೂತ:
"ಹನ್ನೊಂದು ವರ್ಷ ಅಂದ್ರೆ..."
ಬೇಡ ಮಾರಾಯ, ಅಂದೆ.
ಟ್ರೇಯನ್ನು ನಾನೇ ಒಳತಳ್ಳಿದೆ,
ಡಿಸ್ಕಿನ ಸಮೇತ.